ಮರಳು, ಮಡು ಮತ್ತು ಕ್ಯಾಮೆರಾ: ನೀರೊಳಗಿನ ಕವಚದ ಆಯ್ಕೆ ಹೇಗೆ?

ತಲಕಾಡು: ಅಲಮೇಲಮ್ಮನ ಶಾಪದ ಐತಿಹ್ಯದಲ್ಲಿ ತಲಕಾಡಿನ ಪಾಲಿಗೆ ಮರಳು, ಮಾಲಂಗಿಯ ಪಾಲಿಗೆ ಮಡು ಬಂದಿದೆ. ಕಾವೇರಿಯ ಈ ತಿರುವಿನಲ್ಲಿ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು ನೀರಿಗಿಳಿಯಬಯಸುವ ಛಾಯಾಗ್ರಾಹಕನ ಶತ್ರುಗಳೂ ಇವೆರಡೇ.

ಕವಚ ಕೊಳ್ಳುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಕ್ಯಾಮೆರಾ ಎಷ್ಟು ಆಳಕ್ಕೆ ಇಳಿಯಲಿದೆ? ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ತೆಪ್ಪದ ಮೇಲಿನ ಚಿತ್ರಣಕ್ಕೆ ಅಥವಾ ತಿರುಮಕೂಡಲಿನ ಕುಂಭಮೇಳದಂತಹ ಸ್ನಾನದ ಜನಸಂದಣಿಗೆ ಗಾಜಿನ ಮುಖವುಳ್ಳ ಮೆತುವಾದ ಪ್ಲಾಸ್ಟಿಕ್ ಚೀಲವೇ ಸಾಕು. ಅದರಲ್ಲಿ ಗುಂಡಿಗಳು ಕೈಗೆ ಸರಿಯಾಗಿ ಸಿಗುವುದಿಲ್ಲ, ಆದರೆ ಜೇಬಿಗೆ ಭಾರವಲ್ಲ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಸ್ಕೂಬಾ ಮುಳುಗುವವರಿಗೆ ಮಾತ್ರ ಗಟ್ಟಿ ಕವಚ ಅನಿವಾರ್ಯ. ಇಕೆಲೈಟ್‌ನಂತಹ ಪಾಲಿಕಾರ್ಬೊನೇಟ್ ಪೆಟ್ಟಿಗೆಗಳು ಸಾಮಾನ್ಯವಾಗಿ 60 ಮೀಟರ್‌ವರೆಗೆ, ನಾಟಿಕ್ಯಾಮ್‌ನಂತಹ ಅಲ್ಯುಮಿನಿಯಂ ಕವಚಗಳು 100 ಮೀಟರ್‌ವರೆಗೆ ತಾಳುತ್ತವೆ. ಹವ್ಯಾಸಿ ಮುಳುಗುಗಾರರ ಮಿತಿಯೇ 40 ಮೀಟರ್ ಆಗಿರುವಾಗ, ಕೇವಲ ಆಳದ ಅಂಕಿಗಾಗಿ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ. ಅಲ್ಯುಮಿನಿಯಂನ ನಿಜವಾದ ಲಾಭ ಬೆರಳಿಗೆ ನೇರವಾಗಿ ಎಟಕುವ ನಿಯಂತ್ರಣಗಳಲ್ಲಿದೆ. ಪಾಲಿಕಾರ್ಬೊನೇಟ್‌ಗೂ ಒಂದು ಗುಣವುಂಟು: ಪಾರದರ್ಶಕವಾದದ್ದರಲ್ಲಿ ಒಳಗೆ ನೀರು ಜಿನುಗಿದರೆ ಕಣ್ಣಿಗೆ ಕಾಣುತ್ತದೆ.

ಮಸೂರಕ್ಕೆ ತಕ್ಕ ಕಿಟಕಿ

ಕವಚದ ಪೆಟ್ಟಿಗೆ ಕ್ಯಾಮೆರಾಕ್ಕೆ ಸೇರಿದ್ದು, ಅದರ ಮುಂದಿನ ಕಿಟಕಿ ಮಸೂರಕ್ಕೆ ಸೇರಿದ್ದು. ಇದನ್ನು 'ಪೋರ್ಟ್' ಎನ್ನುತ್ತಾರೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಆದ್ದರಿಂದ ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದಾಗ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ, ದೃಶ್ಯಕೋನ ಕಿರಿದಾಗುತ್ತದೆ. 60 ಅಥವಾ 100 ಮಿಲಿಮೀಟರಿನ ಮ್ಯಾಕ್ರೊ ಮಸೂರಕ್ಕೆ ಇದು ವರವೇ ಹೌದು. ವಿಶಾಲಕೋನದ ಮಸೂರಕ್ಕೆ ಮಾತ್ರ ಶಾಪ, ಅಂಚುಗಳೂ ಹಾಳಾಗುತ್ತವೆ. ಅದಕ್ಕೆ ಬೇಕಾದದ್ದು ಅರ್ಧಗೋಲಾಕಾರದ ಗುಮ್ಮಟ ಪೋರ್ಟ್. ಗುಮ್ಮಟವು ದೃಶ್ಯಕೋನವನ್ನು ಉಳಿಸುತ್ತದೆ, ಆದರೆ ದೂರದ ದೃಶ್ಯದ ಮಿಥ್ಯಾಬಿಂಬವನ್ನು ತೀರ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಹತ್ತಿರದಲ್ಲಿ ಫೋಕಸ್ ಆಗದ ಮಸೂರವನ್ನು ಅದರ ಹಿಂದಿಟ್ಟರೆ ಎಲ್ಲವೂ ಮಸುಕು.

ಕಾವೇರಿಯ ನೀರು ಲಕ್ಷದ್ವೀಪದ ಕಡಲಲ್ಲ. ಹೂಳು ಮಿಶ್ರಿತ ನೀರಿನಲ್ಲಿ ದೂರದ ಚಿತ್ರ ಮೂಡದು. ಹೀಗಾಗಿ ವಿಶಾಲಕೋನದ ಮಸೂರವೂ ಗುಮ್ಮಟವೂ ಜೊತೆಗೂಡಿ, ವಸ್ತುವಿನ ಸಮೀಪಕ್ಕೆ ಹೋಗುವುದೊಂದೇ ದಾರಿ. ಕ್ಯಾಮೆರಾದ ಮೇಲಿನ ಫ್ಲಾಶ್ ಹೂಳಿನ ಕಣಗಳನ್ನೇ ಹಿಮದಂತೆ ಬೆಳಗಿಸುವುದರಿಂದ ದೀಪಗಳನ್ನು ಉದ್ದನೆಯ ತೋಳುಗಳ ಮೇಲೆ ಬದಿಗೆ ಸರಿಸಬೇಕು. ಅರ್ಧ ನೀರು, ಅರ್ಧ ದಡ ಕಾಣುವ ಚಿತ್ರಕ್ಕೆ ಗುಮ್ಮಟ ದೊಡ್ಡದಾದಷ್ಟೂ ಒಳ್ಳೆಯದು. ಸಣ್ಣ ಗುಮ್ಮಟದಲ್ಲಿ ಒಂದು ಅಲೆ ಸಾಕು, ಚಿತ್ರ ಕೆಡುತ್ತದೆ.

ಒಂದು ಕಣದ ಅನಾಹುತ

ಕವಚದ ಜೀವವಿರುವುದು 'ಓ ರಿಂಗ್' ಎಂಬ ರಬ್ಬರಿನ ಉಂಗುರದಲ್ಲಿ. ಅದರಡಿ ಒಂದು ಕೂದಲೆಳೆ, ಒಂದು ಮರಳ ಕಣ ಸಿಲುಕಿದರೂ ನೀರು ಒಳನುಗ್ಗುತ್ತದೆ. ಗಾಳಿಗೆ ಮರಳೇಳುವ ತಲಕಾಡಿನ ದಂಡೆಯಲ್ಲಿ ಕವಚ ತೆರೆಯುವುದು ಬೇಡವೇ ಬೇಡ. ಬ್ಯಾಟರಿ, ಕಾರ್ಡ್ ಎಲ್ಲವನ್ನೂ ಕೋಣೆಯಲ್ಲೇ ಸಿದ್ಧಪಡಿಸಿ ಮುಚ್ಚಿಕೊಂಡು ಬರುವುದು ಕ್ಷೇಮ. ಗ್ರೀಸ್ ತಯಾರಕರು ಹೇಳಿದ್ದೇ ಆಗಬೇಕು: ಸಿಲಿಕೋನ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿದರೆ ಉಂಗುರ ಊದಿಕೊಳ್ಳುತ್ತದೆ. ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ, ಒತ್ತಡ ಸ್ಥಿರವಾಗಿದೆಯೇ ಎಂದು ದೀಪದ ಮೂಲಕ ತಿಳಿಸುವ ನಿರ್ವಾತ ಪರೀಕ್ಷಾ ಸಾಧನ ದೊರೆತರೆ ಅದಕ್ಕೆ ಹಣ ವ್ಯಯಿಸಲು ಹಿಂಜರಿಯಬಾರದು. ಮೊದಲ ಮುಳುಗು ಖಾಲಿ ಕವಚದ್ದೇ ಆಗಿರಲಿ, ಒಳಗೊಂದು ಟಿಷ್ಯೂ ಕಾಗದವಿಟ್ಟು.

ಕ್ಯಾಮೆರಾ ಮುಳುಗಿದರೆ ಮತ್ತೊಂದು ಕೊಳ್ಳಬಹುದು. 2020ರ ನವೆಂಬರ್‌ನಲ್ಲಿ ತಲಕಾಡು ಸಮೀಪ ವಿವಾಹಪೂರ್ವ ಚಿತ್ರೀಕರಣದ ವೇಳೆ ತೆಪ್ಪ ಮಗುಚಿ ಮದುವೆ ನಿಶ್ಚಯವಾಗಿದ್ದ ಜೋಡಿ ನೀರುಪಾಲಾಯಿತು. ಮೇಲೆ ತಿಳಿಯಾಗಿ ಕಾಣುವ ಇಲ್ಲಿನ ನೀರಿನಡಿ ಮಡುಗಳಿವೆ, ಮರಳು ಕಾಲಡಿಯಿಂದ ಜಾರುತ್ತದೆ. ಕವಚ ಎಷ್ಟೇ ದುಬಾರಿಯಾಗಿದ್ದರೂ ಹೊತ್ತವನಿಗೆ ಅದು ಜೀವರಕ್ಷಕ ಜಾಕೆಟ್ ಅಲ್ಲ.

ಕೊಳ್ಳುವವರಿಗೆ ಇಂದು ಇನ್ನೊಂದು ಲೆಕ್ಕವೂ ಇದೆ. ಕ್ಯಾನನ್, ನಿಕಾನ್ ಎರಡೂ 2020ರ ಬಳಿಕ ಹೊಸ ಎಸ್‌ಎಲ್‌ಆರ್ ಮಾದರಿ ತಂದಿಲ್ಲ, ಕನ್ನಡಿರಹಿತ ಕ್ಯಾಮೆರಾಗಳತ್ತ ಹೊರಳಿವೆ. ಗಟ್ಟಿ ಕವಚ ಸಾಮಾನ್ಯವಾಗಿ ಒಂದೇ ಮಾದರಿಗೆ ಹೊಂದುವಂಥದ್ದು. ಕ್ಯಾಮೆರಾ ಕೆಟ್ಟರೆ ಅದೇ ಮಾದರಿ ಮತ್ತೆ ಹುಡುಕಬೇಕಾಗುತ್ತದೆ. ಕೈಯಲ್ಲಿ ಹಳೆಯ ಎಸ್‌ಎಲ್‌ಆರ್ ಇದ್ದವರಿಗೆ ಬಳಸಿದ ಕವಚವೇ ಲಾಭಕರ. ಆದರೆ ಉಂಗುರಗಳೂ ಗುಂಡಿಗಳ ಒಳಗಿನ ಸೀಲುಗಳೂ ಇನ್ನೂ ಬಿಡಿಭಾಗವಾಗಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.