ಉಸಿರಿನ ಹಾದಿಯ ಕಾವಲು

ನಡುರಾತ್ರಿ. ಮನೆಮಂದಿಯೆಲ್ಲ ಗಾಢನಿದ್ರೆಯಲ್ಲಿದ್ದಾರೆ. ಉಬ್ಬಸದಿಂದ ನರಳುವ ಹದಿನಾಲ್ಕರ ಹುಡುಗ ಮಾತ್ರ ದಿಂಬಿಗೊರಗಿ ಕುಳಿತು ಉಸಿರಿಗಾಗಿ ಹೆಣಗುತ್ತಿದ್ದಾನೆ. ಎದೆಯೊಳಗೆ ಸಿಳ್ಳೆಯಂಥ ಸದ್ದು. ಕಿಟಕಿಯಾಚೆ ಗಾಳಿಗೇನೂ ಬರಗಾಲವಿಲ್ಲ. ಅದು ಸುಳಿಯುವ ಹಾದಿಯೇ ಕಿರಿದಾಗಿದೆ.

ಶ್ವಾಸನಾಳದ ಕವಲುಗಳನ್ನು ಮನುಷ್ಯನ ಇಚ್ಛೆಗೆ ಒಳಪಡದ ಸ್ನಾಯುಗಳು ಸುತ್ತುವರಿದಿವೆ. ಅವು ಬಿಗಿದರೆ ನಾಳ ಸಂಕುಚಿತವಾಗುತ್ತದೆ, ಸಡಿಲಿದರೆ ಅರಳುತ್ತದೆ. ಗಾಳಿ ಶಾಂತವಾಗಿ ಹರಿಯುವ ಕಿರುನಾಳದ ವ್ಯಾಸ ಅರ್ಧಕ್ಕಿಳಿದರೆ, ಗಾಳಿಗೆ ಒದಗುವ ತಡೆ ಎರಡು ಮಡಿಯಲ್ಲ, 16 ಮಡಿಯಾಗುತ್ತದೆ!

ಈ ಸ್ನಾಯುಗಳನ್ನು ಹತೋಟಿಯಲ್ಲಿಡುವವರು ಯಾರು? ನರಗಳು ಸರಿಯೇ. ಆದರೆ ಗೋಡೆಗೆ ಮೆತ್ತಿದ ಗಾರೆಯಂತೆ ತೋರುವ ನಾಳದ ಒಳಪೊರೆಗೂ ಇದರಲ್ಲಿ ಪಾಲುಂಟು.

ಇದರ ಸುಳಿವು ಮೊದಲು ದೊರೆತದ್ದು ರಕ್ತನಾಳಗಳಲ್ಲಿ. ಅಸಿಟೈಲ್‌ಕೋಲೀನ್ ಎಂಬ ವಸ್ತುವಿನಿಂದ ರಕ್ತನಾಳ ಸಡಿಲಬೇಕಾದರೆ ಅದರ ಒಳಪೊರೆ ಅಕ್ಷತವಾಗಿರಬೇಕೆಂದು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. 1998ರ ನೊಬೆಲ್ ಪಾರಿತೋಷಕದಲ್ಲಿ ಅವರು ಪಾಲುದಾರರಾದರು. ಶ್ವಾಸನಾಳದಲ್ಲಿಯೂ ಹೀಗೆಯೇ ಇರಬಹುದೇ? 1985ರಲ್ಲಿ ಫ್ಲಾವಹನ್, ವಾನ್‌ಹೌಟ್ ಮತ್ತು ಸಂಗಡಿಗರು ನಾಯಿಯ ಶ್ವಾಸನಾಳದ ತುಣುಕುಗಳನ್ನು ಪರೀಕ್ಷಿಸಿದರು. ಕೆಲವಕ್ಕೆ ಒಳಪೊರೆ ಇದ್ದಿತು; ಉಳಿದವುಗಳಿಂದ ಅದನ್ನು ತೆಗೆದಿದ್ದರು. ಬಿಗಿಸುವ ಔಷಧ ಒಂದೇ ಆದರೂ, ಪೊರೆ ಕಳೆದುಕೊಂಡ ತುಣುಕುಗಳೇ ಹೆಚ್ಚು ಬಲವಾಗಿ ಬಿಗಿದುಕೊಂಡವು!

ಒಳಪೊರೆಯ ಜೀವಕಣಗಳು ಪ್ರೋಸ್ಟಾಗ್ಲಾಂಡಿನ್ ಇ2, ನೈಟ್ರಿಕ್ ಆಕ್ಸೈಡ್‌ಗಳಂಥ ವಸ್ತುಗಳನ್ನು ಸೂಸಿ ಸ್ನಾಯುವನ್ನು ಸಡಿಲಿಸಬಲ್ಲವು. ಎಂಡೊಥೀಲಿನ್ ಸೂಸಿ ಅದನ್ನೇ ಬಿಗಿಸಲೂ ಬಲ್ಲವು. ಲಗಾಮೂ ಚಾವಟಿಯೂ ಒಂದೇ ಕೈಯಲ್ಲಿವೆ. ಅಲ್ಲದೆ, ಕೆರಳಿಸುವ ವಸ್ತುಗಳು ಆಳದ ನರ, ಸ್ನಾಯುಗಳನ್ನು ಮುಟ್ಟದಂತೆ ಈ ಪೊರೆಯೇ ಅಡ್ಡ ನಿಲ್ಲುತ್ತದೆ.

ಉಬ್ಬಸದ ರೋಗಿಯಲ್ಲಿ ಈ ಕಾವಲೇ ಗಾಸಿಗೊಂಡಿರುತ್ತದೆ. ಧೂಳು, ಹೊಗೆ, ನೆಗಡಿಯ ವೈರಸ್ಸುಗಳಿಂದ ಕೆರಳಿದ ಪೊರೆ ಅಪಾಯದ ಕರೆಗಂಟೆ ಬಾರಿಸುತ್ತದೆ. ಆ ಕರೆಗೆ ಓಗೊಟ್ಟು ಬರುವ ಕಣಗಳು ಉರಿಯೂತವನ್ನೆಬ್ಬಿಸಿ, ಸ್ನಾಯುವನ್ನು ಮತ್ತಷ್ಟು ಬಿಗಿಸುವ ದ್ರವ್ಯಗಳನ್ನು ಚೆಲ್ಲುತ್ತವೆ. ಇಂಥ ಕರೆಗಳಲ್ಲೊಂದಾದ ಟಿಎಸ್‌ಎಲ್‌ಪಿಯನ್ನು ತಡೆಯುವ ಟೆಜೆಪೆಲುಮಾಬ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು.

ನಾಳವನ್ನು ಥಟ್ಟನೆ ಅರಳಿಸುವ ಇನ್‌ಹೇಲರಿನಿಂದ ಹುಡುಗನಿಗೆ ನಿದ್ದೆ ಬರಬಹುದು. ಆದರೆ ಅದು ಸಡಿಲಿಸುವುದು ಸ್ನಾಯುವನ್ನು. ಪೊರೆಯ ಉರಿಯನ್ನು ಆರಿಸುವುದಿಲ್ಲ. ಆದುದರಿಂದಲೇ ವಯಸ್ಕರಿಗೂ ಹದಿಹರೆಯದವರಿಗೂ ಅದೊಂದನ್ನೇ ನೆಚ್ಚಿದ ಚಿಕಿತ್ಸೆ ಸಲ್ಲದೆಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯಾದ ಜೀನಾ ಸಾರಿತು. ಉರಿಯೂತವನ್ನು ತಗ್ಗಿಸುವ, ಸೇದುವ ಸ್ಟೀರಾಯ್ಡ್ ಅದರ ಜೊತೆಗಿರಬೇಕು.

“ಉಸಿರು ಸರಿಹೋಯಿತಲ್ಲ, ಇನ್ನೇಕೆ ಔಷಧ?” ಎಂದು ವೈದ್ಯರನ್ನು ಕೇಳದೆಯೇ ಅದನ್ನು ಬಿಟ್ಟುಬಿಡುವ ಮನೆಗಳುಂಟು. ಸಿಳ್ಳೆ ನಿಂತರೂ ಪೊರೆಯ ಗಾಯ ಮಾಯದೆ ಉಳಿದಿರಬಹುದು. ಅದು ಮಾಯುವವರೆಗೆ ಕಾಯುವ ತಾಳ್ಮೆ ಮನೆಯವರಿಗಿದ್ದರೆ, ಮುಂದಿನ ನಡುರಾತ್ರಿಗಳಲ್ಲಿ ಹುಡುಗ ನೆಮ್ಮದಿಯಾಗಿ ಮಲಗಿಯಾನು.