ಅಂಬಿಗರ ಮನೆಗೆ ಬಂದ ಹೊಸ ಹರಿಗೋಲು

ಮನೆಗೆ ಹೊಸ ವಾಹನ ಬಂದ ದಿನದ ಸಂಭ್ರಮವನ್ನು ಅರಿಯದ ಕುಟುಂಬ ಇಂದು ವಿರಳ. ಟ್ರ್ಯಾಕ್ಟರ್ ಬರಲಿ, ಮೋಟಾರ್ ಸೈಕಲ್ ಬರಲಿ, ಹೂಮಾಲೆ ಹಾಕಿ, ಚಕ್ರದಡಿಗೆ ನಿಂಬೆಹಣ್ಣು ಇರಿಸಿ, ಗುರುಗಳ ಪಾದಕ್ಕೆರಗಿ ಬರುವವರೆಗೆ ಮನೆಯವರಿಗೆ ಸಮಾಧಾನವಿರದು. ಬಾಲ್ಯದಲ್ಲಿ ನಾನು ಕಂಡ ಅಂಥದೊಂದು ಸಂಭ್ರಮ ಮಾತ್ರ ಚಕ್ರವಿಲ್ಲದ ವಾಹನದ್ದು. ಅದು ಹೊಸರಿತ್ತಿಯ ಅಂಬಿಗರ ಮನೆಗೆ ಬಂದ ಹೊಸ ಹರಿಗೋಲು.

1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಹುತಾತ್ಮರಾದ ಊರೆಂದು ಹೊಸರಿತ್ತಿಯನ್ನು ನಾಡು ಬಲ್ಲುದು. ಊರವರಿಗೆ ಮಾತ್ರ ಅದು ಮೊದಲು ವರದೆಯ ಮಡಿಲು. ಸಾಗರ ಸೀಮೆಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಬರುವ ಈ ನದಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಬೇಸಗೆಯಲ್ಲಿ ಮೊಣಕಾಲುದ್ದದ ನೀರು. ಮಲೆನಾಡಿನಲ್ಲಿ ಮಳೆ ಹಿಡಿದರೆ ಎರಡೂ ದಡ ತುಂಬಿದ ಕೆನ್ನೀರು. ನಮ್ಮ ಬಾಲ್ಯದಲ್ಲಿ, 1970ರ ದಶಕದಲ್ಲಿ, ಆಚೆಯ ದಡದ ಹೊಲಕ್ಕೆ, ಸಂತೆಗೆ, ಬೀಗರ ಊರಿಗೆ ಹೋಗಬೇಕಾದವರಿಗೆ ಮಳೆಗಾಲದ ನಾಲ್ಕು ತಿಂಗಳು ಹರಿಗೋಲೊಂದೇ ಗತಿಯಾಗಿತ್ತು.

ಹರಿಗೋಲನ್ನು ನೋಡದ ಇಂದಿನ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಸೀಳಿದ ಬಿದಿರನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಮೈಗೆ ತೊಗಲು ಹೊದಿಸಿ ಹೊಲಿದ ದುಂಡು ದೋಣಿ ಅದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು ತುಂಗಭದ್ರೆಯಲ್ಲಿ ಇಂಥವನ್ನೇ ಕಂಡು, ಹದಿನೈದಿಪ್ಪತ್ತು ಜನರನ್ನೂ ಅಗತ್ಯ ಬಿದ್ದರೆ ಎತ್ತು ಕುದುರೆಗಳನ್ನೂ ಇವು ದಾಟಿಸುತ್ತವೆಂದು ಬರೆದಿಟ್ಟಿದ್ದಾನೆ. ತಳ ಚಪ್ಪಟೆಯಾದ್ದರಿಂದ ಕಡಿಮೆ ನೀರಿನಲ್ಲಿಯೂ ತೇಲುತ್ತದೆ. ಹಗುರಾದ್ದರಿಂದ ಹೊತ್ತೊಯ್ಯಲು ಬರುತ್ತದೆ. ಸೆಳವು ಕೆಳಕ್ಕೆ ಎಳೆಯುವುದನ್ನು ಬಲ್ಲ ಅಂಬಿಗನು ಸೇರಬೇಕಾದ ಕಡವಿಗಿಂತ ಬಹು ಮೇಲಿನಿಂದಲೇ ಹುಟ್ಟು ಹಾಕತೊಡಗುತ್ತಾನೆ.

ಇನ್ನೊಂದು ಸಂಗತಿಯನ್ನು ಶರಣಬಂಧುಗಳು ಗಮನಿಸಬೇಕು. ಬಿದಿರು ಹೆಣೆಯುವುದು ಮೇದಾರರ ಕೈ, ತೊಗಲು ಹೊಲಿಯುವುದು ಸಮಗಾರರ ಕೈ, ಹುಟ್ಟು ಹಾಕುವುದು ಅಂಬಿಗರ ಕೈ. ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ, ಈ ಮೂವರು ಶರಣರ ಕಾಯಕಗಳೂ ಒಂದೇ ಹರಿಗೋಲಿನಲ್ಲಿ ಕೂಡಿವೆ.

ನಾನು ಹೇಳುತ್ತಿರುವ ಮನೆಯವರ ಹಳೆಯ ಹರಿಗೋಲು ಜೀರ್ಣವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ತಂಬಿಗೆಯಿಂದ ನೀರು ಮೊಗೆದು ಚೆಲ್ಲುತ್ತಲೇ ಇರಬೇಕಾಗಿತ್ತು. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಕೂಡಿಸಿದ ಜೋಳ, ಮನೆಯ ಹಿರಿಯ ಸೊಸೆ ಕೊರಳಿನಿಂದ ಬಿಚ್ಚಿಕೊಟ್ಟ ಗುಂಡಿನ ಸರ, ಇವೆರಡೂ ಸೇರಿ ಹೊಸದರ ಬೆಲೆಯಾಯಿತು. ತುಂಗಭದ್ರೆಯ ದಂಡೆಯ ಊರೊಂದರಿಂದ ಅದನ್ನು ಚಕ್ಕಡಿಯ ಮೇಲೆ ಬೋರಲಾಗಿ ಹೇರಿ ತಂದ ಸಂಜೆ ಓಣಿಯ ಮಕ್ಕಳೆಲ್ಲ ಹಿಂದೆ ಹಿಂದೆ ಓಡಿದೆವು. ಆ ಮನೆಯ ಮಕ್ಕಳು ಅಂದಿನ ರಾತ್ರಿ ಒಳಗೆ ಮಲಗಲೊಲ್ಲದೆ, ಅಂಗಳದಲ್ಲಿ ಅದರ ಒಳಗೇ ಕಂಬಳಿ ಹಾಸಿಕೊಂಡು ಮಲಗಿದರು. ಹಸಿ ಬಿದಿರಿನ, ಎಣ್ಣೆ ಸವರಿದ ತೊಗಲಿನ ವಾಸನೆ ಇಂದಿಗೂ ನನ್ನ ನೆನಪಿನಲ್ಲಿದೆ.

ಮರುದಿನ ಪೂಜೆಗೆ ನಮ್ಮ ತಂದೆಯವರನ್ನು ಕರೆದರು. ತೊಗಲನ್ನು ಅಯ್ಯನವರು ಮುಟ್ಟಬಹುದೇ ಎಂದು ಅಲ್ಲಿದ್ದವರೊಬ್ಬರು ಮೆಲ್ಲಗೆ ಕೇಳಿದರು. ತಂದೆಯವರು ಉತ್ತರಿಸಲಿಲ್ಲ, ಆ ತೊಗಲಿನ ಮೇಲೆಯೇ ಮೂರು ಬೆರಳಿನಿಂದ ವಿಭೂತಿ ಎಳೆದು, ಬಿಲ್ವಪತ್ರೆ ಏರಿಸಿ ಕೈಮುಗಿದರು. ಹೆಣ್ಣುಮಕ್ಕಳು ಗಂಗವ್ವನಿಗೆ ಉಡಿ ತುಂಬಿ ಹೋಳಿಗೆಯ ಎಡೆ ಹಿಡಿದರು. ಮಠದ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದ ನಾನು ಮುಂದೆ ಹಲವು ಗ್ರಂಥಗಳಲ್ಲಿ ಕಾಯಕದ ವಿವೇಚನೆಯನ್ನು ಓದಿದೆ. ಮೊದಲ ಪಾಠ ಮಾತ್ರ ಆ ಮೂರು ಬೆರಳುಗಳದ್ದು.

ಮಕ್ಕಳು ಹತ್ತಲು ಕಾತರಿಸುತ್ತಿದ್ದರೂ ಹಿರಿಯ ಅಂಬಿಗರು ಒಪ್ಪಲಿಲ್ಲ. ಮೊದಲ ಸಲ ಒಬ್ಬರೇ ಹೋಗಿ ಬಂದರು. ಎರಡನೆಯ ಸಲ ಉಸುಕಿನ ಚೀಲಗಳನ್ನು ಹೇರಿ ಹೋಗಿ ಬಂದು, ಒಳಮೈಯನ್ನು ಅಂಗೈಯಿಂದ ಸವರಿ, ತೇವವಿಲ್ಲವೆಂದು ಮನಗಂಡರು. ಮೂರನೆಯ ಸಲ ತಮ್ಮ ಮನೆಯವರನ್ನು ಕೂಡಿಸಿಕೊಂಡರು. ಊರವರ ಸರದಿ ಆಮೇಲೆ.

ಸಂತೆಯ ದಿನ ಹನ್ನೆರಡು ಜನ ಹತ್ತಿ ಕುಳಿತಿದ್ದರು. ಊರ ಪ್ರಮುಖರೊಬ್ಬರು ತಮ್ಮವರೊಡನೆ ಬಂದು, “ಹೊಸಾದು ಐತಲ್ಲೋ, ಇನ್ನ ನಾಕು ಮಂದಿ ಹಿಡಿತಾರ” ಎನ್ನುತ್ತ ಏರಿದರು. ಅಂಬಿಗರು ಹುಟ್ಟನ್ನು ಕೆಳಗಿಟ್ಟು ಕೈಮುಗಿದರು: “ಗೌಡ್ರ, ಹರಗೋಲ ಹೊಸಾದು ಖರೇರಿ. ಹೊಳಿ ಹಳೇದೈತಿ. ನೀವು ಇಳೀರಿ, ಇನ್ನೊಂದು ಸರತಿಗೆ ಒಯ್ತೀನಿ.” ಗೌಡರ ಮುಖ ಕೆಂಪಾಯಿತು. ಕಣದಲ್ಲಿ ಅಳೆದು ಕೊಡುವ ಜೋಳದ ದೊಡ್ಡ ಪಾಲು ಅವರದೇ. ಅದನ್ನು ಬಲ್ಲ ಅಂಬಿಗರು ಹುಟ್ಟನ್ನು ಮುಟ್ಟಲಿಲ್ಲ. ಕೊನೆಗೆ ಗೌಡರು ಇಳಿದರು. ಆ ವರ್ಷ ಅವರ ಕಣದಿಂದ ಅಂಬಿಗರ ಮನೆಗೆ ಕಾಳು ಬರಲಿಲ್ಲ.

ಈ ಹಟಕ್ಕೆ ಕಾರಣವು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರ ತಂದೆಯ ಕಾಲದಲ್ಲಿಯೂ ಹೀಗೆಯೇ ಹೊಸ ಹರಿಗೋಲು ಬಂದಿತ್ತಂತೆ. ಹೊಸತೆಂಬ ಭರವಸೆಯಿಂದ ಮಿತಿಮೀರಿ ಜನರನ್ನು ಹತ್ತಿಸಿಕೊಂಡು ಹೋದಾಗ ನಡುಹೊಳೆಯಲ್ಲಿ ಮಗುಚಿ, ಅವರ ತಮ್ಮನು ನೀರು ಪಾಲಾಗಿದ್ದನಂತೆ.

ಇದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರನ ಸನ್ನಿಧಿಯಲ್ಲಿ ಚೌಡಯ್ಯದಾನಪುರವಿದೆ. ಅಂಬಿಗರ ಚೌಡಯ್ಯನವರ ಹೆಸರನ್ನೇ ಹೊತ್ತ ಊರದು. ಎದುರಿನವರ ದೊಡ್ಡಸ್ತಿಕೆಗೆ ಅಂಜದೆ ನಿಜವನ್ನು ನುಡಿದ ಶರಣರವರು. ಅವರನ್ನು ನೆನೆದಾಗಲೆಲ್ಲ ಹುಟ್ಟು ಕೆಳಗಿಟ್ಟು ಕೈಮುಗಿದು ನಿಂತ ನಮ್ಮೂರ ಹಿರಿಯರು ನನ್ನ ಕಣ್ಣ ಮುಂದೆ ಬರುತ್ತಾರೆ.

ಕಾಲಾಂತರದಲ್ಲಿ ನದಿಗೆ ಅಲ್ಲಲ್ಲಿ ಸೇತುವೆಗಳಾದವು. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು, ಆಮೇಲೆ ಫೈಬರ್ ಬಂದಿತು. ನಾನು ಮಠದ ಅಧ್ಯಯನ, ಅಧ್ಯಾಪನಗಳಲ್ಲಿ ಮುಳುಗಿದೆ. ಊರಿಗೆ ಹೋದಾಗಲೂ ಬಸ್ಸಿನಲ್ಲಿ ಸೇತುವೆ ದಾಟಿ ಬಂದೆನೇ ಹೊರತು ಆ ಮನೆಯ ಬಾಗಿಲಿಗೆ ಹೋಗಲಿಲ್ಲ. ಹಿರಿಯರು ಲಿಂಗೈಕ್ಯರಾದ ಸುದ್ದಿ ನನಗೆ ಮುಟ್ಟಿದ್ದು ವರ್ಷ ಕಳೆದ ಮೇಲೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಪರರಿಗೆ ಬೋಧಿಸುತ್ತಿದ್ದ ನಾನೇ ಅದಕ್ಕೆ ನಿದರ್ಶನವಾಗಿದ್ದೆ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ದಂಡೆಯ ಊರುಗಳನ್ನು ಕಾಡಿದಾಗ ನನಗೆ ಮೊದಲು ನೆನಪಾದವರು ಅವರೇ.

ನಿಮ್ಮ ಮನೆಗೂ ಹೊಸ ವಾಹನ ಬರಲಿ, ಸಂಭ್ರಮ ತುಂಬಲಿ. ಪೂಜೆಯ ದಿನ ಅದನ್ನು ಮಾಡಿದ ಕೈಗಳನ್ನು ಒಮ್ಮೆ ನೆನೆಯಿರಿ. ಜಾತ್ರೆಗೆ ಹೊರಟಾಗ ಟ್ರೈಲರಿನಲ್ಲಿ ಕುಳಿತವರ ತಲೆಗಳನ್ನು ಎಣಿಸಿರಿ. ಹೆಚ್ಚಾದವರನ್ನು, ಅವರು ಎಷ್ಟೇ ದೊಡ್ಡವರಿರಲಿ, ಕೈಮುಗಿದು ಇಳಿಸಿರಿ. ವಾಹನ ಹೊಸದಾದರೂ ಹೊಳೆ ಹಳೆಯದೆಂಬ ಎಚ್ಚರವಿರಲಿ.