ಮಳೆಗಾಲ ಬರುವ ಮೊದಲೇ ಮಗುವಿಗೆ ಹೇಳಿಡಿ

ಜೂನ್ 1. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾಂತ್ರೀಕೃತ ದೋಣಿಗಳು ದಡ ಸೇರುತ್ತವೆ. ಮಳೆಗಾಲದ ಮೀನುಗಾರಿಕೆ ನಿಷೇಧ; ಜುಲೈ 31ರವರೆಗೆ ಅವು ಕಡಲಿಗಿಳಿಯುವಂತಿಲ್ಲ. ದೋಣಿಗೆ ಹೋಗುತ್ತಿದ್ದ ಅಪ್ಪ ಈಗ ಹಗಲಿಡೀ ಮನೆಯಲ್ಲಿ. ತಟ್ಟೆಯಲ್ಲಿ ದಿನದ ಬಂಗುಡೆ ಇಲ್ಲ. ಅಂಗಳದ ಬಟ್ಟೆ ಒಳಗೆ ಬಂದು, ಮಗು ಆಡುವ ಜಾಗದಲ್ಲೇ ತೂಗುತ್ತದೆ. ಯೂನಿಫಾರ್ಮ್ ಹಾಕಿ ನಿಂತ ಮೇಲೆ 'ಇವತ್ತು ಮಳೆ ರಜೆ' ಅಂತ ಮೆಸೇಜ್.

ನಮಗೆ ಇದು ಪ್ರತಿ ವರ್ಷದ್ದು. ಬದಲಾವಣೆ ಒಗ್ಗದ ಮಗುವಿಗೆ, ಅದರಲ್ಲೂ ಆಟಿಸಂ ಇರುವ ಮಗುವಿಗೆ, ಇಷ್ಟೂ ಒಟ್ಟಿಗೇ ಬಂದರೆ ತಡೆಯಲಾಗುವುದಿಲ್ಲ. ಕಿರುಚುತ್ತದೆ, ಊಟ ಬಿಡುತ್ತದೆ. ಅದು ಹಟವಲ್ಲ, ದಿಗಿಲು. ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಈ ತೀವ್ರ ಹಂಬಲವನ್ನು ವೈದ್ಯ ಲಿಯೋ ಕ್ಯಾನರ್ 1943ರಲ್ಲೇ ದಾಖಲಿಸಿದ್ದರು.

ಹಾಗಾದರೆ ಒಲೆ ಮೇಲೆ ಗಂಜಿ ಕುದಿಯುತ್ತಿರುವಾಗ ಏನು ಮಾಡುವುದು? ಎರಡು ಚೀಟಿ ಮಾಡಿ. ಒಂದರಲ್ಲಿ ಶಾಲೆಯ ಚಿತ್ರ, ಇನ್ನೊಂದರಲ್ಲಿ ಮಳೆ, ಮನೆ. ಜೋರು ಮಳೆಯಿದ್ದರೆ ರಾತ್ರಿಯೇ ಎರಡನ್ನೂ ತೋರಿಸಿ: 'ನಾಳೆ ಇದಾಗಬಹುದು, ಅದೂ ಆಗಬಹುದು.' ರಜೆಯ ದಿನಕ್ಕೂ ಒಂದು ಕ್ರಮ ಇರಲಿ: ಗಂಜಿ, ಸ್ನಾನ, ಆಮೇಲೆ ಅಮ್ಮನ ಜೊತೆ ಬಟ್ಟೆ ಮಡಚುವುದು. ದಿನವೂ ಅದೇ ಕೆಲಸ, ಅದೇ ಹೊತ್ತು. ಮನೆಗೆಲಸವೇ ಮಗುವಿಗೆ ಹಿಡಿದುಕೊಳ್ಳಲು ಸಿಗುವ ಆಧಾರ.

ಮನೆಯಲ್ಲಿರುವ ಅಪ್ಪಂದಿರೇ, ಮಗುವಿನ ಸ್ನಾನವೋ ಊಟವೋ, ಒಂದು ಕೆಲಸ ಪೂರ್ತಿ ನಿಮ್ಮದಾಗಲಿ. ಆಗಸ್ಟ್‌ನಲ್ಲಿ ಮತ್ತೆ ದೋಣಿ ಹತ್ತುವ ಒಂದು ವಾರ ಮೊದಲೇ ಮಗುವಿಗೆ ಹೇಳಿ.

ಅಕ್ಕಾ, ಪಾತ್ರೆ ಒಂದು ದಿನ ಹಾಗೇ ಬಿದ್ದಿದ್ದರೂ ಸರಿ. ಮನಸ್ಸು ತೀರಾ ಸೋತರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.